ಪರರ ಕಥೆ, ತಮ್ಮ ಮಾತು

ಒಬ್ಬರು ಹೇಳಿದ ಕಥೆಯನ್ನು ಇನ್ನೊಬ್ಬರು ಎತ್ತಿಕೊಂಡು ತಮ್ಮ ಮನಸ್ಸಿಗೆ ಒಪ್ಪುವಂತೆ ಮತ್ತೆ ಹೇಳುವುದು ಸಾಹಿತ್ಯಕ್ಕೆ ಹೊಸತಲ್ಲ. ಪಂಪ ರನ್ನರು ಹಿಡಿದ ದಾರಿಯೂ ಅದೇ. ಆದರೂ ಅಂಥ ಕೃತಿಯೊಂದು ಎದುರಾದಾಗ ‘ಇದರಲ್ಲಿ ಇವನದೇನು?’ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಮಂಡ್ಯ ಜಿಲ್ಲೆಯ ನೆರೆಹೊರೆಯ ನಾಲ್ಕು ತಾಲ್ಲೂಕುಗಳಿಗೆ ಸೇರಿದ ಲೇಖಕರು ಅದಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ನೋಡೋಣ.

ಮೊದಲು ಶ್ರೀರಂಗಪಟ್ಟಣ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಸಿಂಗರಾರ್ಯನು ‘ಮಿತ್ರವಿಂದಾ ಗೋವಿಂದ’ವನ್ನು ರಚಿಸಿದನು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕ ಇದು. ಇದರ ಮೂಲ ಶ್ರೀಹರ್ಷನ ‘ರತ್ನಾವಳಿ’. ಉದಯನನ ಸ್ಥಾನದಲ್ಲಿ ಕೃಷ್ಣ, ರತ್ನಾವಳಿಯ ಸ್ಥಾನದಲ್ಲಿ ಮಿತ್ರವಿಂದೆ. ಹೆಸರು ಬದಲಾಯಿಸಿದ್ದಷ್ಟೇ ಸಾಧನೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಹೆಸರೂ ಒಂದು ಶಬ್ದವೇ ಅಲ್ಲವೇ? ಅಂತಃಪುರದ ಹೆಣ್ಣಿಗೆ ಮನಸೋತು ರಾಣಿಗೆ ಅಂಜುವ ಉದಯನನದು ಮನುಷ್ಯನ ದೌರ್ಬಲ್ಯ. ಗೋವಿಂದನೆಂದೊಡನೆ ಅದು ಲೀಲೆಯಾಗುತ್ತದೆ. ಶ್ರೀವೈಷ್ಣವ ಆಸ್ಥಾನಕ್ಕೆ ಅದು ಪ್ರಿಯವಾಗಿದ್ದರೆ ಆಶ್ಚರ್ಯವಿಲ್ಲ. ಕಥೆಯ ಅಳುಕು ಮಾತ್ರ ಅಷ್ಟು ಕಡಮೆಯಾಯಿತು. ಇನ್ನೊಂದು ತೊಡಕು: ಮೂಲದಲ್ಲಿ ರಾಜನ ಮಾತು ಸಂಸ್ಕೃತ, ಸ್ತ್ರೀಯರದು ಪ್ರಾಕೃತ. ಎರಡು ಭಾಷೆಗಳು ತೋರಿಸುತ್ತಿದ್ದ ಅಂತರವನ್ನು ಕನ್ನಡವೊಂದೇ ತೋರಿಸಬೇಕೆಂದರೆ, ಆ ಭಾರವೆಲ್ಲ ಶಬ್ದಗಳ ಆಯ್ಕೆಯ ಮೇಲೆ ಬೀಳುತ್ತದೆ. ನಮ್ಮ ನಾಟಕ ತನ್ನ ಮೊದಲ ಹೆಜ್ಜೆಯಲ್ಲೇ ಎದುರಿಸಿದ ಸಮಸ್ಯೆ ಇದು.

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಿ.ಎಂ.ಶ್ರೀ. ಅವರ ಮನೆತನದ ಊರು. 1929ರ ‘ಅಶ್ವತ್ಥಾಮನ್’ ನಾಟಕಕ್ಕೆ ಅವರು ಗ್ರೀಕ್ ಕವಿ ಸೊಫೋಕ್ಲೀಸನ ‘ಏಜಾಕ್ಸ್’ ರುದ್ರನಾಟಕವನ್ನು ಆಧಾರವಾಗಿ ಇಟ್ಟುಕೊಂಡರು. ಏಜಾಕ್ಸನು ಮತಿಗೆಟ್ಟು, ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕೊಂದು, ಎಚ್ಚತ್ತಮೇಲೆ ನಾಚಿಕೆಯಿಂದ ತನ್ನ ಕತ್ತಿಗೆ ತಾನೇ ಬೀಳುತ್ತಾನೆ. ಇರುಳಿನಲ್ಲಿ ಕೊಲೆಗಿಳಿದ ವೀರ ನಮ್ಮಲ್ಲಿ ಅಶ್ವತ್ಥಾಮನಲ್ಲದೆ ಇನ್ನಾರು? ಗ್ರೀಕ್ ವೀರನ ಹೆಸರಿನಲ್ಲಿ ಆ ಭಾಷೆಯ ಗೋಳಿನ ದನಿ ಅಡಗಿದೆ. ನಮ್ಮ ವೀರನಿಗೂ, ಹುಟ್ಟಿದಾಗ ಕುದುರೆಯಂತೆ ಕೂಗಿದ್ದರಿಂದಲೇ ಹೆಸರು ಬಂದದ್ದು. ಆದರೆ ಚಿರಂಜೀವಿಯೆಂದು ನಾಡು ನಂಬಿದವನನ್ನು ಸಾಯಿಸಬಹುದೇ? ಆಕ್ಷೇಪ ಸಹಜ. ಅದಕ್ಕೆ ಉತ್ತರ ಶೀರ್ಷಿಕೆಯ ಕೊನೆಯ ‘ನ್’ಕಾರದಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಹೊಸಗನ್ನಡದ ಬಾಗಿಲು ತೆರೆದವರು ಇಲ್ಲಿ ಬೇಕೆಂದೇ ಹಳಗನ್ನಡದತ್ತ ತಿರುಗಿದರು. ಇವನು ನಿತ್ಯಸ್ಮರಣೆಯ ಚಿರಂಜೀವಿಯಲ್ಲ, ರುದ್ರನಾಟಕದ ನಾಯಕ ಎಂದು ಆ ನುಡಿಯ ಗಾಂಭೀರ್ಯವೇ ಸಾರುತ್ತದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿದ ಎ.ಎನ್. ಮೂರ್ತಿರಾಯರದು ಬೇರೆ ಬಗೆ. ಫ್ರೆಂಚ್ ನಾಟಕಕಾರ ಮೋಲಿಯೇರನ ‘ತಾರ್ತೂಫ್’ 1664ರಲ್ಲಿ ರಂಗಕ್ಕೆ ಬಂದು, ನಿಷೇಧಕ್ಕೊಳಗಾಗಿ, 1669ರಲ್ಲಿ ಬಿಡುಗಡೆ ಪಡೆದ ನಾಟಕ. ಅದರ ಕಪಟಭಕ್ತನ ಹೆಸರು ಫ್ರೆಂಚಿನಲ್ಲಿ ಡಾಂಭಿಕನೆಂಬ ಅರ್ಥದ ಪದವೇ ಆಗಿಹೋಯಿತು. ಮೂರ್ತಿರಾಯರು ತಮ್ಮ ರೂಪಾಂತರವನ್ನು ‘ಆಷಾಢಭೂತಿ’ ಎಂದು ಕರೆದರು. ಶಿಷ್ಯನಂತೆ ನಟಿಸಿ ಸಂನ್ಯಾಸಿಯ ಹಣ ಕದ್ದ ಪಂಚತಂತ್ರದ ವಂಚಕನ ಹೆಸರು ಅದು. ಕನ್ನಡಿಗರ ಬಾಯಲ್ಲಿ ಆಗಲೇ ಬೈಗುಳವಾಗಿದ್ದ ಮಾತು. ಆ ಒಂದು ಪದದಿಂದ ಪ್ಯಾರಿಸಿನ ಮನೆ ನಮ್ಮ ಬೀದಿಗೆ ಬಂದಿತು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ಹೊರಗಿನಿಂದ ಕಥೆ ತರಲಿಲ್ಲ. ಕೃಷ್ಣನು ಮಥುರೆಗೆ ಹೊರಡುವ ಎಲ್ಲರೂ ಬಲ್ಲ ಪ್ರಸಂಗವನ್ನೇ ‘ಗೋಕುಲ ನಿರ್ಗಮನ’ವೆಂಬ ಗೀತನಾಟಕ ಮಾಡಿದರು. ಪುರಾಣದ ನಡೆಯಲ್ಲಿ ಅದು ಕಂಸವಧೆಯತ್ತ ಇಟ್ಟ ಹೆಜ್ಜೆ. ‘ನಿರ್ಗಮನ’ವೆಂದೊಡನೆ ನಮ್ಮ ದೃಷ್ಟಿ ಹೋಗುವವನಿಂದ ಉಳಿಯುವವರ ಕಡೆಗೆ ಹೊರಳುತ್ತದೆ. ಕಥೆ ಹಳೆಯದು, ನಿಂತು ನೋಡುವ ಜಾಗ ಹೊಸದು.

ಈ ನಾಲ್ವರೂ ಸಮಾನರೆಂದು ನಾನು ಹೇಳುತ್ತಿಲ್ಲ. ಸಿಂಗರಾರ್ಯನು ಮೂಲದ ನೆರಳಿನಲ್ಲಿಯೇ ನಡೆದನು. ಉಳಿದವರು ನೆರಳಿನಿಂದ ಆಚೆಗೆ ಬಂದರು. ಆದರೆ ಅಳೆಯುವ ಕೋಲು ಒಂದೇ. ಕಥೆ ಯಾರದೆಂದು ಕೇಳಿ ಸುಮ್ಮನಾಗದೆ, ಈ ಮಾತನ್ನು ತೆಗೆದು ಇನ್ನೊಂದನ್ನಿಟ್ಟರೆ ಕೃತಿ ಕುಸಿಯುವುದೇ ಎಂದು ಕೇಳಬೇಕು. ಕುಸಿಯುವುದಾದರೆ, ಅಷ್ಟರಮಟ್ಟಿಗೆ ಆ ಕೃತಿ ಅದನ್ನು ಬರೆದವನದೇ.