ಪೆಲೊರಿನ್ಯೊ ಚೌಕದ ಬಾಲವಾದಕರು

ಬ್ರೆಜಿಲ್ ದೇಶದ ಬಹಿಯಾ ಪ್ರಾಂತ್ಯಕ್ಕೆ ಮುಖ್ಯಪಟ್ಟಣವಾದ ಸಾಲ್ವಡೋರ್ ನಗರವು ೧೫೪೯ರಲ್ಲಿ ಪೋರ್ತುಗೀಜರಿಂದ ಸ್ಥಾಪಿತವಾದುದು. ೧೭೬೩ರವರೆಗೆ ಅದೇ ಆ ದೇಶಕ್ಕೆಲ್ಲ ರಾಜಧಾನಿಯಾಗಿದ್ದಿತು. ಅದರ ಹಳೆಯ ಪೇಟೆಗೆ ಪೆಲೊರಿನ್ಯೊ ಎಂದು ಹೆಸರು. ಈ ಶಬ್ದಕ್ಕೆ ದಂಡಸ್ತಂಭವೆಂದು ಅರ್ಥ. ಆಫ್ರಿಕಾದಿಂದ ಸೆರೆಹಿಡಿದು ತಂದ ಗುಲಾಮರನ್ನು ಸರ್ವರ ಸಮಕ್ಷಮದಲ್ಲಿ ಕಟ್ಟಿ ಚಾವಟಿಯಿಂದ ಹೊಡೆಯುತ್ತಿದ್ದ ಕಂಬವದು. ಕಂಬವು ಎಂದೋ ಹೋಯಿತು, ಹೆಸರು ಹೋಗಲಿಲ್ಲ.

೧೮೮೮ರ ಮೇ ೧೩ರಂದು ಗುಲಾಮಗಿರಿಯು ಶಾಸನದಿಂದ ರದ್ದಾಯಿತು. ಆದರೆ ಆ ಜನರ ಚರ್ಮವಾದ್ಯಗಳ ಮೇಲೆ ಅಧಿಕಾರಿಗಳಿಗಿದ್ದ ಸಂಶಯವು ರದ್ದಾಗಲಿಲ್ಲ. ಕಂದೊಂಬ್ಲೆ ಎಂಬ ಅವರ ದೇವತಾರಾಧನೆಯಲ್ಲಿ ಡೋಲೇ ಆವಾಹನಮಂತ್ರ. ಅದನ್ನು ನಡೆಸುವ ಮಂದಿರಗಳು ಪೋಲೀಸರಲ್ಲಿ ದಾಖಲಾಗಿ ಅನುಮತಿ ಪಡೆಯಬೇಕೆಂಬ ಕಟ್ಟಳೆಯು ಬಹಿಯಾದಲ್ಲಿ ೧೯೭೬ರವರೆಗೂ ಇದ್ದಿತು. ಭಾರತೀಯರಿಗೆ ಆಶ್ಚರ್ಯವನ್ನುಂಟುಮಾಡುವ ಸಂಗತಿಯೊಂದು ಇಲ್ಲಿದೆ. ಮಹಾತ್ಮರ ಹತ್ಯೆಯಾದ ಮರುವರ್ಷ, ೧೯೪೯ರಲ್ಲಿ, ಈ ನಗರದ ಬಂದರಿನ ಕೂಲಿಗಾರರು ‘ಗಾಂಧಿಯ ಮಕ್ಕಳು’ ಎಂಬ ಹೆಸರಿನ ಮೇಳವನ್ನು ಕಟ್ಟಿ, ಶ್ವೇತವಸ್ತ್ರವನ್ನುಟ್ಟು, ಮುಂಡಾಸು ಸುತ್ತಿ, ಅದೇ ಆರಾಧನೆಯ ತಾಳಗಳನ್ನು ನುಡಿಸುತ್ತ ಕಾರ್ನಿವಲ್ ಉತ್ಸವದಲ್ಲಿ ಬೀದಿಗಿಳಿದರು.

ಕಾಲಾಂತರದಲ್ಲಿ ಶ್ರೀಮಂತರು ಪೆಲೊರಿನ್ಯೊವನ್ನು ಬಿಟ್ಟುಹೋದರು. ಶಿಥಿಲಗೃಹಗಳಲ್ಲಿ ಬಡವರು ತುಂಬಿಕೊಂಡರು. ಪೇಟೆಗೆ ಅಪಕೀರ್ತಿ ಬಂದಿತು. ೧೯೭೯ರ ಏಪ್ರಿಲ್ ೨೫ರಂದು ಆ ನಿವಾಸಿಗಳು ‘ಒಲೊದುಂ’ ಎಂಬ ಉತ್ಸವಮೇಳವನ್ನು ಸ್ಥಾಪಿಸಿದರು. ಯೊರುಬಾ ಭಾಷೆಯಲ್ಲಿ ಪರಮೇಶ್ವರನಿಗಿರುವ ಒಲೊದುಮಾರೆ ಎಂಬ ನಾಮವೇ ಇದಕ್ಕೆ ಮೂಲ. ೧೯೭೪ರಲ್ಲಿ ಹುಟ್ಟಿದ ‘ಇಲೆ ಐಯೆ’ ಮೇಳದಿಂದ ಬಂದ ನೆಗಿನ್ಯೊ ದು ಸಾಂಬಾ ಎಂಬ ಪ್ರಸಿದ್ಧ ವಾದಕನು ಇದಕ್ಕೆ ಗುರುವಾದನು. ಬ್ರೆಜಿಲಿನ ಸಾಂಬಾ ತಾಳಕ್ಕೆ ಜಮೈಕಾ ದ್ವೀಪದ ರೆಗೇ ನಡೆಯನ್ನು ಬೆರಸಿ ನೂತನ ರೀತಿಯೊಂದನ್ನು ರೂಪಿಸಿದನು. ೧೯೮೦ರ ದಶಕದಲ್ಲಿಯೇ ಪೇಟೆಯ ಮಕ್ಕಳಿಗಾಗಿ ಉಚಿತ ವಾದ್ಯಶಿಕ್ಷಣವೂ ಆರಂಭವಾಯಿತು.

ಬೀದಿಯ ಹುಡುಗರಿಗೆ ಒಂದು ನೆಲೆಯಾಯಿತೆಂದು ಇಂತಹ ಶಾಲೆಗಳನ್ನು ಹೊಗಳುವುದುಂಟು. ಅದು ದಿಟವಾದರೂ ಮೇಲ್ಮಟ್ಟದ ಮಾತು. ಆ ಮೇಳದ ದೊಡ್ಡ ಡೋಲಿಗೆ ಸುರ್ದು ಎನ್ನುವರು. ಪೋರ್ತುಗೀಜ್ ಭಾಷೆಯಲ್ಲಿ ಆ ಪದಕ್ಕೆ ಕಿವುಡನೆಂದು ಅರ್ಥ; ಅದನ್ನು ಬಾರಿಸುವವನಿಗಾದರೋ ಕಿವಿಯೇ ಸರ್ವಸ್ವ! ಮಂದ್ರದ ಎರಡು ಸುರ್ದುಗಳಲ್ಲಿ ಒಂದು ಪ್ರಶ್ನೆಯಂತೆ, ಇನ್ನೊಂದು ಉತ್ತರದಂತೆ ನುಡಿಯುತ್ತದೆ. ನಡುವೆ ಸಣ್ಣ ಡೋಲುಗಳು ತಮ್ಮ ಮಾತನ್ನು ಹೆಣೆಯುತ್ತವೆ. ಒಬ್ಬ ಹುಡುಗನು ತನ್ನ ಪೆಟ್ಟಿನ ಬಳಿಕ ಕೈ ತಡೆಯದಿದ್ದರೆ ಮತ್ತೊಬ್ಬನ ಪೆಟ್ಟಿಗೆ ಎಡೆಯಿಲ್ಲ, ಮೇಳವೇ ಕೆಡುವುದು. ಸಂಗೀತಶಾಸ್ತ್ರಕಾರರು ಸಶಬ್ದಕ್ರಿಯೆಯ ಜೊತೆಯಲ್ಲಿ ನಿಶ್ಶಬ್ದಕ್ರಿಯೆಯನ್ನೂ ತಾಳದ ಅಂಗವಾಗಿ ಎಣಿಸಿದುದರ ಮರ್ಮವನ್ನು ಈ ಮಕ್ಕಳು ಗ್ರಂಥವಿಲ್ಲದೆ ಕಲಿತರು. ಬಾಯಿಮಾತಿನಿಂದ ‘ಸುಮ್ಮನಿರು’ ಎಂದು ಗದರಿಸುವ ಉಪಾಧ್ಯಾಯನಿಗೆ ಈ ಫಲವು ದೊರೆಯುವುದು ದುರ್ಲಭ.

ತಾಳದೊಡನೆ ಚರಿತ್ರೆಯೂ ಬಂದಿತು. ೧೯೮೭ರ ಉತ್ಸವಕ್ಕೆ ಮೇಳದವರು ಈಜಿಪ್ತಿನ ಫರೋಹರನ್ನು ವಸ್ತುವಾಗಿ ಆರಿಸಿದರು. ಆ ಹಾಡು ನಗರದ ಬಾಯಲ್ಲೆಲ್ಲ ನಿಂತಿತು. ಆಫ್ರಿಕಾದ ಮತ್ತು ಆಫ್ರಿಕಾಮೂಲದ ಬ್ರೆಜಿಲ್ ಜನರ ಇತಿಹಾಸವನ್ನು ಶಾಲೆಗಳಲ್ಲಿ ಕಲಿಸಲೇಬೇಕೆಂಬ ಶಾಸನವು ಬ್ರೆಜಿಲಿನಲ್ಲಿ ಆದುದು ೨೦೦೩ರಲ್ಲಿ. ಅಷ್ಟರಲ್ಲಿ ಪೆಲೊರಿನ್ಯೊದ ಮಕ್ಕಳು ತಮ್ಮ ಪೂರ್ವಿಕರ ಖಂಡದಲ್ಲಿ ರಾಜರಿದ್ದರೆಂಬುದನ್ನು ಹಾಡಿ ಬಲ್ಲವರಾಗಿದ್ದರು. ಡೋಲು ಗಂಡಸರ ಸೊತ್ತೆಂಬ ರೂಢಿಯನ್ನೂ ನೆಗಿನ್ಯೊ ಒಪ್ಪಲಿಲ್ಲ. ೧೯೯೩ರಲ್ಲಿ ಸ್ತ್ರೀಯರಿಗಾಗಿಯೇ ‘ದಿದಾ’ ಎಂಬ ಮೇಳವನ್ನು ಕಟ್ಟಿದನು. ಅವನು ೨೦೦೯ರಲ್ಲಿ ತೀರಿಕೊಂಡನು.

೧೯೯೦ರಲ್ಲಿ ಪಾಲ್ ಸೈಮನ್ನನ ಗೀತಸಂಪುಟದಿಂದಲೂ, ೧೯೯೬ರಲ್ಲಿ ಮೈಕೇಲ್ ಜ್ಯಾಕ್ಸನ್ನನ ಚಿತ್ರಗೀತದಿಂದಲೂ ಈ ಡೋಲುಗಳ ಧ್ವನಿ ಲೋಕಕ್ಕೆಲ್ಲ ಕೇಳಿಸಿತು. ಇದೇ ಕಾಲದಲ್ಲಿ ಇನ್ನೊಂದು ಕಾರ್ಯವೂ ನಡೆಯಿತು. ಯುನೆಸ್ಕೋ ಸಂಸ್ಥೆಯು ೧೯೮೫ರಲ್ಲಿ ಈ ಪೇಟೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಿತು. ೧೯೯೨ರಿಂದ ಪ್ರಾಂತ್ಯ ಸರಕಾರವು ಜೀರ್ಣೋದ್ಧಾರಕ್ಕೆ ತೊಡಗಿ, ಸಾವಿರಾರು ನಿವಾಸಿಗಳಿಗೆ ಅಲ್ಪ ಪರಿಹಾರವನ್ನು ಕೊಟ್ಟು ಹೊರಡಿಸಿತು. ಗೋಡೆಗಳಿಗೆ ಬಣ್ಣ ಬಂದಿತು, ಪ್ರವಾಸಿಗಳು ಬಂದರು. ಯಾರ ಮಕ್ಕಳ ಕೈಯಿಂದ ಆ ಚೌಕಕ್ಕೆ ಕೀರ್ತಿ ಬಂದಿತೋ ಅವರಲ್ಲಿ ಹಲವರ ಮನೆ ಅಲ್ಲಿ ಇಲ್ಲದಾಯಿತು. ಒಲೊದುಮಿನ ಶಾಲೆಯು ಮಾತ್ರ ಅಲ್ಲಿಯೇ ನಿಂತಿತು. ನಗರದ ದೂರದ ಬಡಾವಣೆಗಳಿಂದ ಮಕ್ಕಳು ಅಲ್ಲಿಗೆ ಡೋಲು ಕಲಿಯಲು ಬರುವಂತಾಯಿತು.