ಒಂದು ಕತ್ತಿ, ಎರಡು ಒರೆ

ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬ ಮಾತು ಎಲ್ಲರಿಗೂ ಗೊತ್ತು. ಒಂದೇ ಕತ್ತಿ ಎರಡು ಬಗೆಯ ಒರೆಗಳಲ್ಲಿ ಎರಡು ಬಗೆಯಾಗಿ ವರ್ತಿಸಿದ ಕಥೆ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಬ್ರಿಟಿಷ್ ಅಶ್ವದಳ ಬೇಡವೆಂದು ಕೈಬಿಟ್ಟ ಹಳೆಯ ಸೇಬರ್ ಅಲಗುಗಳು ಹೈದರಾಬಾದ್ ನಿಜಾಮನ ರಾವುತರ ಕೈಸೇರಿ, ಬ್ರಿಟಿಷ್ ಅಧಿಕಾರಿಯೇ ಬೆರಗಾಗುವಷ್ಟು ಹರಿತಗೊಂಡ ಪ್ರಸಂಗ ಅದು.

ಸೇಬರ್ ಎಂದರೆ ಒಂದೇ ಬದಿಗೆ ಬಾಯಿರುವ, ಹೆಚ್ಚಾಗಿ ಬಾಗಿದ ಅಲಗಿನ, ಕುದುರೆ ಸವಾರನ ಕತ್ತಿ. ಈ ಬಾಗು ಅಂದಕ್ಕಾಗಿ ಬಂದದ್ದಲ್ಲ. ಈಳಿಗೆ ಮಣೆಯ ಮುಂದೆ ಕುಳಿತವರಿಗೆ ಇದರ ಗುಟ್ಟು ಗೊತ್ತು: ತರಕಾರಿಯನ್ನು ಅಲಗಿಗೆ ಒತ್ತಿದರೆ ಸಾಲದು, ಒತ್ತುತ್ತಲೇ ಜಾರಿಸಬೇಕು. ಬಾಗಿದ ಕತ್ತಿಯಲ್ಲಿ ಬೀಸಿದ ಏಟೇ ಜಾರುತ್ತಾ ಕೊಯ್ಯುತ್ತದೆ. ನಾಗಾಲೋಟದ ಕುದುರೆಯ ಮೇಲಿರುವವನಿಗೆ ಇದು ದೊಡ್ಡ ಅನುಕೂಲ. ಆದರೆ ಅಲಗು ಬಾಗಿದಷ್ಟೂ ಮೊನೆಯಿಂದ ನೇರವಾಗಿ ತಿವಿಯುವುದು ಕಷ್ಟ. ಕಡಿಯಬೇಕೋ ತಿವಿಯಬೇಕೋ ಎಂಬ ವಾದ ಯುರೋಪಿನ ಸೇನೆಗಳಲ್ಲಿ ನೂರು ವರ್ಷಕ್ಕೂ ಮಿಕ್ಕಿ ನಡೆಯಿತು.

ಕಡಿಯುವ ಪಕ್ಷದ ಪ್ರಮುಖ ಹೆಸರು ಜಾನ್ ಗ್ಯಾಸ್ಪರ್ಡ್ ಲಿ ಮಾರ್ಷಂಟ್. 1793-94ರಲ್ಲಿ ಫ್ಲಾಂಡರ್ಸ್‌ನಲ್ಲಿ ಫ್ರೆಂಚರ ವಿರುದ್ಧ ಹೋರಾಡಿದ ಈ ಬ್ರಿಟಿಷ್ ಅಧಿಕಾರಿ ಅಲ್ಲಿ ಕಂಡದ್ದು ನಾಚಿಕೆ ತರುವಂಥದ್ದು. ತಮ್ಮವರ ಕತ್ತಿಗಳು ತೂಕದ್ದು, ಹತೋಟಿಗೆ ಸಿಗದಂಥವು. ಸವಾರರು ಬೀಸುವ ಭರದಲ್ಲಿ ತಮ್ಮನ್ನೂ ತಮ್ಮ ಕುದುರೆಗಳನ್ನೂ ಗಾಯಗೊಳಿಸಿಕೊಳ್ಳುತ್ತಿದ್ದರು. ಬ್ರಿಟಿಷರ ಕತ್ತಿವರಸೆಯನ್ನು ಆಸ್ಟ್ರಿಯಾದ ಅಧಿಕಾರಿಯೊಬ್ಬ ಸೌದೆ ಒಡೆಯುವುದಕ್ಕೆ ಹೋಲಿಸಿದನೆಂಬ ಮಾತೂ ಇದೆ.

ಲಿ ಮಾರ್ಷಂಟ್ ಬರ್ಮಿಂಗ್‌ಹ್ಯಾಮ್‌ನ ಕತ್ತಿ ತಯಾರಕ ಹೆನ್ರಿ ಆಸ್ಬರ್ನ್ ಜೊತೆ ಸೇರಿ ಹೊಸ ಕತ್ತಿಯೊಂದನ್ನು ರೂಪಿಸಿದ. ಇದೇ 1796ರ ಲಘು ಅಶ್ವದಳದ ಸೇಬರ್. ಅಲಗಿನ ಉದ್ದ ಸುಮಾರು 33 ಅಂಗುಲ, ಕತ್ತಿಯ ತೂಕ ಹೆಚ್ಚು ಕಡಿಮೆ 1 ಕಿಲೋ. ತುದಿಯ ಬಳಿ ಅಲಗು ಅಗಲವಾಗುವುದರಿಂದ ಏಟಿಗೆ ಬಲ ಕೂಡುತ್ತದೆ. ಎರಡೂ ಬದಿಗೆ ಉದ್ದಕ್ಕೂ ತೋಡಿದ ಅಗಲವಾದ ಕಾಲುವೆ ರಕ್ತ ಹರಿಯಲೆಂದು ಮಾಡಿದ್ದು ಎಂದು ಅನೇಕರು ನಂಬುತ್ತಾರೆ. ನಿಜವಾಗಿ ಅದರ ಕೆಲಸ, ಅಲಗಿನ ಬಿಗುವು ಕೆಡದಂತೆ ತೂಕ ಇಳಿಸುವುದು. ಬೆರಳುಗಳ ರಕ್ಷಣೆಗೆ ಹಿಡಿಯ ಮುಂದೆ ರಿಕಾಪಿನಾಕಾರದ ಒಂದೇ ಪಟ್ಟಿ.

ಕತ್ತಿಯ ಜೊತೆಗೆ ಅದೇ ವರ್ಷ ಅದರ ಅಭ್ಯಾಸದ ಕೈಪಿಡಿಯೂ ಜಾರಿಗೆ ಬಂತು. ಗೋಡೆಯ ಮೇಲೆ ವೃತ್ತ ಬರೆದು, ಅದರಲ್ಲಿ ಒಂದನ್ನೊಂದು ಹಾಯುವ ಗೆರೆ ಎಳೆದು, ಆ ಗೆರೆಗಳ ಗುಂಟ 6 ಬಗೆಯ ಹೊಡೆತಗಳನ್ನು ಸೈನಿಕ ಕಲಿಯಬೇಕಿತ್ತು. ಬೀಸು ಭುಜ ಮತ್ತು ಮಣಿಕಟ್ಟಿನಿಂದ ಬರಬೇಕು. ಮೊಣಕೈ ಮಡಿಸಿದರೆ ಮುಂದೋಳು ಎದುರಾಳಿಗೆ ಸಿಕ್ಕಿಬಿಡುತ್ತದೆ. ಕತ್ತಿ ಸಾಗುವ ದಿಕ್ಕಿಗೇ ಅದರ ಬಾಯಿ ಇರಬೇಕು. ಸ್ವಲ್ಪ ಹೊರಳಿದರೂ ಏಟು ಬೀಳುತ್ತದೆ, ಕಡಿತ ಬೀಳುವುದಿಲ್ಲ.

ಪ್ರಷ್ಯಾ ದೇಶ 1811ರಲ್ಲಿ ಈ ಮಾದರಿಯನ್ನೇ ಅನುಸರಿಸಿ ತನ್ನ ಸೇಬರನ್ನು ಮಾಡಿಕೊಂಡಿತು. ಲಿ ಮಾರ್ಷಂಟ್ 1812ರ ಜುಲೈ 22ರಂದು ಸ್ಪೇನಿನ ಸಲಮಾಂಕಾ ಕದನದಲ್ಲಿ ಅಶ್ವದಳವನ್ನು ಮುನ್ನಡೆಸುತ್ತಾ ಗುಂಡಿಗೆ ಬಲಿಯಾದ. ಬ್ರಿಟನ್ 1821ರಲ್ಲಿ ಬೇರೆ ಮಾದರಿಯ ಸೇಬರನ್ನು ಅಂಗೀಕರಿಸಿತು. ಹಳೆಯ ಅಲಗುಗಳಲ್ಲಿ ಎಷ್ಟೋ ಭಾರತದಲ್ಲಿ ಉಳಿದವು.

ಇಲ್ಲಿ ಕ್ಯಾಪ್ಟನ್ ಲೂಯಿ ಎಡ್ವರ್ಡ್ ನೋಲನ್ ಪ್ರವೇಶಿಸುತ್ತಾನೆ. 1840ರ ದಶಕದಲ್ಲಿ ಬೆಂಗಳೂರಿನ ದಂಡಿನಲ್ಲಿ ಬೀಡುಬಿಟ್ಟಿದ್ದ 15ನೇ ಹುಸ್ಸಾರ್ ರೆಜಿಮೆಂಟಿನ ಅಧಿಕಾರಿ ಈತ. ನಿಜಾಮನ ಕುದುರೆ ಪಡೆಗೂ ಬಂಡುಕೋರರಿಗೂ ನಡೆದ ಕಾಳಗವೊಂದರ ವೈದ್ಯಕೀಯ ವರದಿ ಓದಿ ಆತ ದಂಗಾದ. ಒಂದೇ ಏಟಿಗೆ ತೋಳು, ತಲೆ ಕತ್ತರಿಸಿ ಬಿದ್ದ ವಿವರ ಅದರಲ್ಲಿತ್ತು. ಇಂಥ ಕತ್ತಿಗಳನ್ನು ಕಣ್ಣಾರೆ ನೋಡಲು ಹೋದವನಿಗೆ ಎದುರಾದದ್ದು ತನ್ನದೇ ಸೇನೆ ತಳ್ಳಿಹಾಕಿದ್ದ ಹಳೆಯ ಡ್ರಗೂನ್ ಅಲಗುಗಳು. ಅವು 1796ರ ಮಾದರಿಯವೇ ಇರಬೇಕೆಂಬುದು ಆಯುಧಗಳ ಅಭ್ಯಾಸಿಗಳ ಅಭಿಪ್ರಾಯ.

ಉಕ್ಕು ಅದೇ. ಬದಲಾದದ್ದು ಉಳಿದೆಲ್ಲ. ರಾವುತರು ಅಲಗಿಗೆ ತಮ್ಮ ಪದ್ಧತಿಯ ಚಿಕ್ಕ, ಚಪ್ಪಟೆ ಲೋಹದ ಹಿಡಿ ಕೂರಿಸಿದ್ದರು. ಹಿಡಿ ಚಪ್ಪಟೆಯಾಗಿದ್ದರೆ ಕತ್ತಿಯ ಬಾಯಿ ಯಾವ ಕಡೆಗಿದೆ ಎಂಬುದು ನೋಡದೆಯೇ ಅಂಗೈಗೆ ತಿಳಿಯುತ್ತದೆ. ಅಲಗನ್ನು ಕ್ಷೌರದ ಕತ್ತಿಯಂತೆ ಸಾಣೆ ಹಿಡಿದಿದ್ದರು. ಒರೆ ಮರದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಕಾಳಗದ ಹೊರತು ಅವರು ಕತ್ತಿ ಹಿರಿಯುತ್ತಿರಲಿಲ್ಲ.

ಬ್ರಿಟಿಷ್ ಸವಾರನ ಒರೆ ಲೋಹದ್ದು. ಕವಾಯತಿಗೆ, ಪರೇಡಿಗೆ, ಅಭ್ಯಾಸಕ್ಕೆ ಆತ ದಿನವೂ ಕತ್ತಿ ಹಿರಿಯಬೇಕು, ಮತ್ತೆ ಸೇರಿಸಬೇಕು. ಪ್ರತಿ ಸಲವೂ ಅಲಗಿನ ಬಾಯಿ ಒರೆಯ ಲೋಹಕ್ಕೆ ಉಜ್ಜುತ್ತದೆ. ಎಷ್ಟು ಮಸೆದರೂ ಯುದ್ಧದ ದಿನ ಬರುವ ಹೊತ್ತಿಗೆ ಕತ್ತಿ ಮೊಂಡು. ಥಳಥಳಿಸುವ ಒರೆ ಸೇನೆಯ ಶೋಭೆಯನ್ನು ಹೆಚ್ಚಿಸಿತ್ತು; ಅದಕ್ಕೆ ತೆತ್ತ ಬೆಲೆ ಕತ್ತಿಯ ಹರಿತ.

ಇಂಥ ಏಟು ಹಾಕಲು ಹೇಗೆ ಕಲಿಸುತ್ತೀರಿ ಎಂದು ನೋಲನ್ ವೃದ್ಧ ರಾವುತನೊಬ್ಬನನ್ನು ವಿಚಾರಿಸಿದ. ಬಲವಾಗಿ ಹೊಡೆಯುವುದಷ್ಟೆ, ಬೇರೆ ವಿದ್ಯೆಯೇನೂ ಇಲ್ಲ, ಹರಿತವಾದ ಕತ್ತಿ ಯಾರ ಕೈಯಲ್ಲಿದ್ದರೂ ಕಡಿಯುತ್ತದೆ ಎಂಬುದು ಆತನ ಉತ್ತರದ ಸಾರಾಂಶ. 6 ಹೊಡೆತಗಳ ಕೈಪಿಡಿ ಬರೆದ ಸೇನೆಗೆ ಸಾಣೆಕಲ್ಲಿನ ಪಾಠ ಹೇಳಿದವನು ಹೆಸರು ಉಳಿಯದ ಈ ರಾವುತ.

ನೋಲನ್ ಈ ಅನುಭವವನ್ನು 1853ರಲ್ಲಿ ಪ್ರಕಟವಾದ ಅಶ್ವದಳ ಕುರಿತ ತನ್ನ ಗ್ರಂಥದಲ್ಲಿ ದಾಖಲಿಸಿ, ಲೋಹದ ಒರೆಯ ದೋಷವನ್ನು ಎತ್ತಿ ತೋರಿಸಿದ. ಮರುವರ್ಷವೇ, 1854ರ ಅಕ್ಟೋಬರ್ 25ರಂದು, ಕ್ರಿಮಿಯಾದ ಬಾಲಕ್ಲಾವಾದಲ್ಲಿ ಲಘು ಅಶ್ವದಳದ ಪ್ರಸಿದ್ಧ ದಾಳಿಯ ಆರಂಭದಲ್ಲಿಯೇ ಆತ ಸತ್ತ. ಉಕ್ಕಿನ ಒರೆ ಮುಂದೆಯೂ ಬಹುಕಾಲ ಬಳಕೆಯಲ್ಲಿತ್ತು. ಕೊನೆಗೆ ಗೆದ್ದದ್ದು ತಿವಿಯುವ ಪಕ್ಷ. 1908ರಲ್ಲಿ ಬ್ರಿಟಿಷ್ ಅಶ್ವದಳಕ್ಕೆ ಬಂದ ಹೊಸ ಕತ್ತಿಯಲ್ಲಿ ಬಾಗು ಇರಲಿಲ್ಲ. ಅದು ಭರ್ಜಿಯಂತೆ ನೇರ. ಆದರೆ ಅಷ್ಟರಲ್ಲಿ ಮೆಷಿನ್ ಗನ್ ಬಂದು ಕತ್ತಿಯ ಕಾಲವೇ ಮುಗಿಯುತ್ತಾ ಬಂದಿತ್ತು.

ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಸೇಬರುಗಳ ಮುಂದೆ ನಿಂತವರ ಕಣ್ಣು ಸಾಮಾನ್ಯವಾಗಿ ಹಿಡಿಯ ಕುಸುರಿಯ ಮೇಲೆ ನೆಡುತ್ತದೆ. ಪಕ್ಕದಲ್ಲಿರುವ ಒರೆಯನ್ನೂ ಒಮ್ಮೆ ಗಮನಿಸುವುದು ಒಳಿತು. ಆ ಕತ್ತಿ ಮೆರವಣಿಗೆಗೆ ಇದ್ದದ್ದೋ ಯುದ್ಧಕ್ಕೆ ಇದ್ದದ್ದೋ ಎಂಬ ಸುಳಿವು ಎಷ್ಟೋ ಸಲ ಅಲ್ಲೇ ಸಿಗುತ್ತದೆ.