ಅಕ್ಟೋಬರ್ ಮುಗಿದ ಮೇಲೆ ಉಳಿಯುವ ಚರಿತ್ರೆ

2020ರಲ್ಲಿ ಅಮೆರಿಕದ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲಷ್ಟೇ ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಕಪ್ಪು ಜನರ ಚರಿತ್ರೆಯತ್ತ ಕಣ್ಣು ತೆರೆದವು ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಬ್ಲ್ಯಾಕ್ ಹಿಸ್ಟರಿ ಮಂತ್ ಎಂದು ಆಚರಿಸುವ ಅಕ್ಟೋಬರಿನಲ್ಲಿ ಅಲ್ಲಿನ ಕ್ಯಾಂಪಸ್ಸುಗಳಲ್ಲಿ ನಡೆಯುವ ಉಪನ್ಯಾಸ, ಸಿನಿಮಾ ಪ್ರದರ್ಶನ, ಸಂಗೀತಗಳನ್ನು ಕಂಡವರು ಇದೆಲ್ಲ ಅಮೆರಿಕದಿಂದ ಬೀಸಿದ ಹೊಸ ಗಾಳಿ ಎಂದುಕೊಳ್ಳುವುದೂ ಉಂಟು. ಎರಡೂ ತಪ್ಪು.

ಅಮೆರಿಕದ ಋಣ ಇಲ್ಲವೆಂದಲ್ಲ. ಇತಿಹಾಸಕಾರ ಕಾರ್ಟರ್ ಜಿ. ವುಡ್ಸನ್ 1926ರ ಫೆಬ್ರವರಿಯಲ್ಲಿ ಆರಂಭಿಸಿದ, ಕಪ್ಪು ಜನರ ಚರಿತ್ರೆಯ ವಾರದ ಆಚರಣೆಯನ್ನು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು 1970ರಲ್ಲಿ ತಿಂಗಳಿಗೆ ವಿಸ್ತರಿಸಿದರು. ಆದರೆ ಯುರೋಪಿನಲ್ಲಿ ಬೇರೆ ಬೇರುಗಳೂ ಇದ್ದವು. ಇಂದಿನ ಘಾನಾದಲ್ಲಿ ಹುಟ್ಟಿದ ಆಂಟನ್ ವಿಲ್‌ಹೆಲ್ಮ್ ಆಮೊ 18ನೇ ಶತಮಾನದಲ್ಲೇ ಜರ್ಮನಿಯ ಹಾಲೆ ಮತ್ತು ಯೇನಾಗಳಲ್ಲಿ ತತ್ವಶಾಸ್ತ್ರ ಕಲಿಸಿದ್ದರು. 1925ರಲ್ಲಿ ಲಾಡಿಪೊ ಸೊಲಾಂಕೆ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಪಶ್ಚಿಮ ಆಫ್ರಿಕಾ ವಿದ್ಯಾರ್ಥಿ ಸಂಘ ಕಟ್ಟಿದರು. 1945ರ ಅಕ್ಟೋಬರಿನಲ್ಲಿ ಘಾನಾದ ಎನ್‌ಕ್ರುಮಾ, ಕೀನ್ಯಾದ ಕೆನ್ಯಾಟಾ, ಅಮೆರಿಕದ ಡು ಬಾಯ್ಸ್ ಕಲೆತ ಪ್ಯಾನ್-ಆಫ್ರಿಕನ್ ಸಮ್ಮೇಳನ ನಡೆದ ಚಾರ್ಲ್‌ಟನ್ ಟೌನ್ ಹಾಲಿನ ಮುಂಭಾಗ ಇವತ್ತು ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ಕಟ್ಟಡದ ಭಾಗ. 1962ರಲ್ಲಿ ಗ್ಲಾಸ್ಗೋ ವಿದ್ಯಾರ್ಥಿಗಳು ತಮ್ಮ ಪ್ರತಿನಿಧಿಯಾದ ರೆಕ್ಟರ್ ಆಗಿ ಆರಿಸಿದ್ದು ದಕ್ಷಿಣ ಆಫ್ರಿಕಾದ ವರ್ಣಭೇದ ವಿರೋಧಿ ನಾಯಕ ಆಲ್ಬರ್ಟ್ ಲುಥುಲಿಯವರನ್ನು. ಅಲ್ಲಿನ ಸರ್ಕಾರದ ನಿರ್ಬಂಧದಲ್ಲಿದ್ದ ಅವರು ಬರುವಂತಿರಲಿಲ್ಲ. ಬರಲಾರದವರೆಂದು ಗೊತ್ತಿದ್ದೂ ಆರಿಸಿದ್ದೇ ಆ ಮತದ ತೂಕ.

ಬ್ರಿಟನ್ನಿನ ಬ್ಲ್ಯಾಕ್ ಹಿಸ್ಟರಿ ಮಂತ್ ಹುಟ್ಟಿದ್ದು ಮಾತ್ರ ವಿಶ್ವವಿದ್ಯಾಲಯದಲ್ಲಲ್ಲ, ಲಂಡನ್ನಿನ ಸ್ಥಳೀಯ ಆಡಳಿತದ ಕಚೇರಿಯಲ್ಲಿ. ಘಾನಾದಿಂದ ಬಂದು ಅಲ್ಲಿ ಕೆಲಸಕ್ಕಿದ್ದ ಅಕ್ಯಾಬಾ ಅಡ್ಡಾಯ್-ಸೆಬೊ ಒಂದು ದಿನ ಕಂಗೆಟ್ಟು ಕುಳಿತ ಸಹೋದ್ಯೋಗಿಯನ್ನು ವಿಚಾರಿಸಿದರು. ಆಕೆ ಮಗನಿಗೆ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿಯ ನೆನಪಿನಲ್ಲಿ ಹೆಸರಿಟ್ಟಿದ್ದರು. ಆ ಮಗುವೇ ಮಲಗುವ ಹೊತ್ತಿಗೆ, ‘ಅಮ್ಮಾ, ನಾನ್ಯಾಕೆ ಬಿಳಿಯನಾಗಲಾರೆ?’ ಎಂದು ಕೇಳಿತ್ತು. ಈ ಪ್ರಸಂಗವನ್ನು ಅಡ್ಡಾಯ್-ಸೆಬೊ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. 1987ರ ಅಕ್ಟೋಬರಿನಲ್ಲಿ, ಗಾರ್ವಿ ಜನ್ಮಶತಮಾನೋತ್ಸವದ ವರ್ಷ, ಮೊದಲ ಕಾರ್ಯಕ್ರಮಗಳು ನಡೆದವು. ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳ ತಲೆಯ ಮೇಲೆ ಪರೀಕ್ಷೆಯ ಭಾರವಿಲ್ಲದ ತಿಂಗಳು ಎಂದೇ ಅಕ್ಟೋಬರನ್ನು ಆರಿಸಿದ್ದು. ಮಕ್ಕಳಿಗಾಗಿ ಹುಟ್ಟಿದ ಆಚರಣೆ ವಿಶ್ವವಿದ್ಯಾಲಯಗಳ ಅಂಗಳಕ್ಕೆ ಬಂದದ್ದು ಹೆಚ್ಚಾಗಿ ವಿದ್ಯಾರ್ಥಿ ಸಂಘಗಳ ಕೈಹಿಡಿದು.

ಆದರೆ ವೇದಿಕೆಯ ಮೇಲೆ ಹೇಳಲು ಏನಾದರೂ ಇರಬೇಕಲ್ಲ? ಅದನ್ನು ಒದಗಿಸಿದ ಪೀಳಿಗೆಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. 1984ರಲ್ಲಿ ‘ಸ್ಟೇಯಿಂಗ್ ಪವರ್’ ಬರೆದ ಪೀಟರ್ ಫ್ರೈಯರ್ ಪತ್ರಕರ್ತರು, ಪ್ರಾಧ್ಯಾಪಕರಲ್ಲ. ರೋಮನ್ನರ ಕಾಲದಿಂದಲೂ ಬ್ರಿಟನ್ನಿನಲ್ಲಿ ಆಫ್ರಿಕನ್ನರಿದ್ದರು ಎಂದು ದಾಖಲೆ ಸಮೇತ ತೋರಿಸಿದ ಆ ಪುಸ್ತಕ ಒಂದಿಡೀ ತಲೆಮಾರಿಗೆ ದಾರಿ ತೆರೆಯಿತು. 1991ರಲ್ಲಿ ಇತಿಹಾಸಕಾರರಾದ ಹಕೀಮ್ ಆದಿ, ಮರಿಕಾ ಶೆರ್ವುಡ್ ಮತ್ತಿತರರು ಕಟ್ಟಿದ ಸಂಘ ಮುಂದೆ ಬ್ಲ್ಯಾಕ್ ಅಂಡ್ ಏಷ್ಯನ್ ಸ್ಟಡೀಸ್ ಅಸೋಸಿಯೇಷನ್ ಎಂದು ಹೆಸರಾಯಿತು. ದೊಡ್ಡ ಅನುದಾನವಿಲ್ಲದೆ ಸುದ್ದಿಪತ್ರ ಹೊರಡಿಸಿ, ವಿಚಾರಗೋಷ್ಠಿ ನಡೆಸಿ, ಪಠ್ಯಕ್ರಮ ಬದಲಾಗಬೇಕೆಂದು ಅವರು ಪಟ್ಟುಹಿಡಿದರು. ಇವತ್ತಿನ ಅಕ್ಟೋಬರ್ ಉಪನ್ಯಾಸಗಳಲ್ಲಿ ಕೇಳಿಬರುವ ಎಷ್ಟೋ ಸಂಗತಿಗಳ ಹಿಂದೆ ಈ ಬಡ ಸಂಘದ ದುಡಿಮೆಯಿದೆ.

ಗ್ಲಾಸ್ಗೋ ವಿಶ್ವವಿದ್ಯಾಲಯ ಆಚರಣೆಯಾಚೆಗೆ ಹೆಜ್ಜೆಯಿಟ್ಟದ್ದು ಇಂಥ ತಳಹದಿಯ ಮೇಲೆ. 1792ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಸಂಸತ್ತಿಗೆ ಮನವಿ ಸಲ್ಲಿಸಿದ ಸಂಸ್ಥೆ ಅದು. ಅಮೆರಿಕದ ಕಾಲೇಜುಗಳು ಬಣ್ಣ ನೋಡಿ ಬಾಗಿಲು ಹಾಕಿದಾಗ ಜೇಮ್ಸ್ ಮೆಕ್ಯೂನ್ ಸ್ಮಿತ್ ಇಲ್ಲಿಗೆ ಬಂದು 1837ರಲ್ಲಿ ಎಂ.ಡಿ. ಪಡೆದರು. ವೈದ್ಯಕೀಯ ಪದವಿ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಅವರೇ. ಈ ಎರಡು ಹೆಮ್ಮೆಗಳನ್ನೇ ಹೇಳಿಕೊಂಡು ಕೂರಬಹುದಿತ್ತು. ಬದಲಿಗೆ ಇತಿಹಾಸಕಾರರಾದ ಸ್ಟೀಫನ್ ಮಲ್ಲೆನ್ ಮತ್ತು ಸೈಮನ್ ನ್ಯೂಮನ್ ಹಳೆಯ ಲೆಕ್ಕಪತ್ರ ತೆರೆದು, ಗುಲಾಮಗಿರಿಯಿಂದ ಬಂದ ಹಣ ದೇಣಿಗೆಯ ರೂಪದಲ್ಲಿ ಎಷ್ಟು ಸೇರಿದೆ ಎಂದು ಹುಡುಕಿದರು. 2018ರ ಅವರ ವರದಿಯ ಅಂದಾಜು, ಆ ಹೊತ್ತಿನ ಬೆಲೆಯಲ್ಲಿ, 1.67 ಕೋಟಿಯಿಂದ 19.8 ಕೋಟಿ ಪೌಂಡು. ಮರುವರ್ಷ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜೊತೆ 20 ವರ್ಷಗಳಲ್ಲಿ 2 ಕೋಟಿ ಪೌಂಡಿನ ಜಂಟಿ ಸಂಶೋಧನಾ ಒಪ್ಪಂದವಾಯಿತು. 2021ರಲ್ಲಿ ತೆರೆದ ಕಲಿಕಾ ಕೇಂದ್ರಕ್ಕೆ ಮೆಕ್ಯೂನ್ ಸ್ಮಿತ್ ಹೆಸರಿಟ್ಟರು. ಅಂದಾಜಿನ ಎರಡು ತುದಿಗಳ ನಡುವೆ ಅಂತರ ದೊಡ್ಡದು, ಕೊಟ್ಟದ್ದು ಕೆಳತುದಿಗೆ ಹತ್ತಿರ. ಆದರೂ ಲೆಕ್ಕ ಹಾಕಿ ಬಹಿರಂಗಪಡಿಸುವ ಧೈರ್ಯವನ್ನು ಮೆಚ್ಚಲೇಬೇಕು.

ಎಡವಿದ ಉದಾಹರಣೆಗಳೂ ಇವೆ. 2016ರಲ್ಲಿ ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘ ಈ ತಿಂಗಳ ಪ್ರಚಾರಕ್ಕೆ ಪಾಕಿಸ್ತಾನಿ ಮೂಲದ ರಾಜಕಾರಣಿ ಸಾದಿಕ್ ಖಾನ್ ಮತ್ತು ಗಾಯಕ ಜಯ್ನ್ ಮಲಿಕ್ ಚಿತ್ರ ಬಳಸಿ ಕ್ಷಮೆ ಕೇಳಬೇಕಾಯಿತು. ನಕ್ಕು ಮುಂದೆ ಹೋಗುವ ವಿಷಯವಲ್ಲ ಅದು. ಎಪ್ಪತ್ತು-ಎಂಬತ್ತರ ದಶಕಗಳ ಬ್ರಿಟನ್ನಿನಲ್ಲಿ ಏಷ್ಯನ್ನರೂ ಹೋರಾಟದ ಅಂಗಳದಲ್ಲಿ ತಮ್ಮನ್ನು ಕಪ್ಪು ಎಂದೇ ಕರೆದುಕೊಂಡಿದ್ದರು. ಆ ಒಗ್ಗಟ್ಟಿನ ಚರಿತ್ರೆ ಗೊತ್ತಿಲ್ಲದಿದ್ದರೆ 2016ರ ವಿವಾದವೂ ಅರ್ಥವಾಗದು.

ಇನ್ನು ನಿಜವಾದ ಕೊರತೆಯ ಮಾತು. ರಾಯಲ್ ಹಿಸ್ಟಾರಿಕಲ್ ಸೊಸೈಟಿಯ 2018ರ ವರದಿಯಂತೆ ಬ್ರಿಟನ್ನಿನ ಇತಿಹಾಸ ವಿಭಾಗಗಳ ಅಧ್ಯಾಪಕರಲ್ಲಿ ಕಪ್ಪು ಜನ ಆಗ ಶೇ. 1 ಕೂಡ ಇರಲಿಲ್ಲ. ಒಲಿವೆಟ್ ಒಟೆಲೆ ದೇಶದ ಮೊದಲ ಕಪ್ಪು ಮಹಿಳಾ ಇತಿಹಾಸ ಪ್ರಾಧ್ಯಾಪಕಿಯಾದದ್ದೂ ಅದೇ 2018ರಲ್ಲಿ. ಹಕೀಮ್ ಆದಿ ಚಿಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಮತ್ತು ಆಫ್ರಿಕನ್ ವಲಸಿಗರ ಚರಿತ್ರೆಯ ಸಂಶೋಧನಾ ಕೋರ್ಸ್ ಕಟ್ಟಿದ್ದರು. ಬೇರೆಡೆ ಅವಕಾಶ ಸಿಗದ ಕಪ್ಪು ವಿದ್ಯಾರ್ಥಿಗಳು, ನಡುವಯಸ್ಸು ದಾಟಿದವರೂ, ಅಲ್ಲಿಂದ ಪಿಎಚ್.ಡಿ.ಗೆ ಹೋದರು. 2023ರಲ್ಲಿ ಖರ್ಚಿಗೆ ತಕ್ಕಷ್ಟು ವಿದ್ಯಾರ್ಥಿಗಳು ಬರುತ್ತಿಲ್ಲವೆಂದು ಆ ಕೋರ್ಸಿಗೆ ಪ್ರವೇಶ ನಿಂತಿತು, ಆದಿಯವರ ಹುದ್ದೆಯೂ ಹೋಯಿತು. ಅದೇ ವರ್ಷ ಅವರ ಪುಸ್ತಕ ವುಲ್ಫ್‌ಸನ್ ಇತಿಹಾಸ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಒಂದು ತಿಂಗಳ ಕಾರ್ಯಕ್ರಮಕ್ಕೆ ಭಾಷಣಕಾರರನ್ನು ಕರೆಸುವುದು ಸುಲಭ, ಆ ಭಾಷಣಕಾರರು ತಯಾರಾಗುವ ತರಗತಿಯನ್ನು ವರ್ಷಗಟ್ಟಲೆ ಸಾಕುವುದು ಕಷ್ಟ. ಕಷ್ಟದ್ದನ್ನೇ ಕೈಬಿಟ್ಟಿದ್ದಾರೆ.

ಇನ್ನೊಂದು ಕೊರತೆ ನಮಗೆ ಹತ್ತಿರದ್ದು. ಈ ಆಚರಣೆಗಳ ಭೂಪಟ ಬಹುಪಾಲು ಅಟ್ಲಾಂಟಿಕ್ ಸಾಗರದ್ದು. ಹಿಂದೂ ಮಹಾಸಾಗರ ದಾಟಿಸಿ ತಂದ ಆಫ್ರಿಕನ್ನರ ಬಗ್ಗೆ ಶಿಹಾನ್ ಡಿ ಸಿಲ್ವ ಜಯಸೂರಿಯ ಅವರಂಥ ವಿದ್ವಾಂಸರು ಬರೆದಿದ್ದರೂ ಅವರ ವಂಶಜರಾದ, ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳ ಚರಿತ್ರೆಗೆ ಅಲ್ಲಿ ಸಿಕ್ಕಿರುವ ಜಾಗ ಅತ್ಯಲ್ಪ. ಪ್ರತಿ ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ಬ್ರಿಟನ್ನಿಗೆ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರು ಅಕ್ಟೋಬರಿನ ಆ ಸಭೆಗಳಿಗೆ ಹೋಗಲಿ, ಸಿದ್ದಿಗಳ ಮಾತನ್ನೂ ಎತ್ತಲಿ. ನವೆಂಬರ್ ಬಂದಾಗ, ಈ ಚರಿತ್ರೆಯನ್ನು ನಿಮ್ಮಲ್ಲಿ ಯಾವ ವಿಭಾಗ ಕಲಿಸುತ್ತದೆ, ಯಾರು ಕಲಿಸುತ್ತಾರೆ ಎಂದೂ ಕೇಳಲಿ.